ಮೂರು ನಾಣ್ಯ, ಆರು ಗೆರೆ, ಒಂದು ರಾಜೀನಾಮೆ

ಮೊನ್ನೆ ಗೆಳೆಯ ಮನೆಗೆ ಬಂದವನೇ "ಮೂರು ನಾಣ್ಯ ಇದ್ರೆ ಕೊಡೋ" ಅಂದ. ಹಾಲಿನವನಿಗೂ ಫೋನಿನಲ್ಲೇ ದುಡ್ಡು ಹಾಕುವ ಕಾಲದಲ್ಲಿ ಇವನಿಗೇಕೆ ಚಿಲ್ಲರೆ ಎಂದು ಕೇಳಿದರೆ, ಕೆಲಸ ಬಿಡಬೇಕೋ ಬೇಡವೋ ಅಂತ ಚೀನಾದವರನ್ನು ಕೇಳಬೇಕಂತೆ.

ಚೀನಾದವರು ಎಂದರೆ ಐ ಚಿಂಗ್. ಝೌ ರಾಜರ ಕಾಲದ, ಹೆಚ್ಚುಕಡಿಮೆ ಮೂರು ಸಾವಿರ ವರ್ಷ ಹಳೆಯ ಶಕುನದ ಪುಸ್ತಕ. ಮುರಿದ ಗೆರೆ, ಮುರಿಯದ ಗೆರೆಗಳನ್ನು ಒಂದರ ಮೇಲೊಂದು ಆರು ಪೇರಿಸಿದರೆ 64 ಆಕೃತಿ, ಒಂದೊಂದಕ್ಕೂ ಒಂದೊಂದು ಒಗಟು. ಕ್ರಿ.ಪೂ. 213ರಲ್ಲಿ ಚಿನ್ ಚಕ್ರವರ್ತಿ ಪುಸ್ತಕ ಸುಡಿಸಿದಾಗ ಕಾವ್ಯ, ಇತಿಹಾಸಗಳು ಬೆಂಕಿಗೆ ಹೋದವು. ವೈದ್ಯ, ಬೇಸಾಯ, ಶಕುನದ ಪುಸ್ತಕಗಳಿಗೆ ವಿನಾಯಿತಿ ಸಿಕ್ಕಿತು. ನಿನ್ನೆಯನ್ನು ಸುಟ್ಟವನಿಗೂ ನಾಳೆಯದು ಬೇಕಿತ್ತು.

ಆಗೆಲ್ಲ ನಾಣ್ಯದ ಮಾತಿಲ್ಲ, 50 ಒಣ ಕಡ್ಡಿ. ಒಂದನ್ನು ಎತ್ತಿಟ್ಟು, ಉಳಿದ 49ನ್ನು ಎರಡು ಪಾಲು ಮಾಡಿ, ನಾಲ್ಕು ನಾಲ್ಕಾಗಿ ಎಣಿಸಬೇಕು. ಒಂದು ಗೆರೆಗೆ ಮೂರು ಸುತ್ತು, ಆರು ಗೆರೆಗೆ 18. ಪಕ್ಕದ ರಾಜ್ಯದ ಮೇಲೆ ದಂಡೆತ್ತಿ ಹೋಗಲೇ ಎಂದು ಕೇಳಿದ ದೊರೆಗೆ, ಎಣಿಕೆ ಮುಗಿಯುವಷ್ಟರಲ್ಲಿ ಅರ್ಧ ಸಿಟ್ಟು ಇಳಿದು ಪೂರ್ತಿ ಹಸಿವು ಏರಿರುತ್ತಿತ್ತೇನೋ. ಆಮೇಲೆ ನಾಣ್ಯ ಬಂತು, ಮೂರನ್ನು ಒಮ್ಮೆ ಚೆಲ್ಲಿದರೆ ಒಂದು ಗೆರೆ, ಕೆಲಸ ಎರಡು ನಿಮಿಷಕ್ಕಿಳಿಯಿತು. ಇಲ್ಲೊಂದು ಲೆಕ್ಕದ ತಮಾಷೆ ಇದೆ. ಮಗ್ಗಲು ಬದಲಿಸುವ, ಎಂದರೆ ಮುರಿಯದ ಗೆರೆಯಾಗಿ ಮಾರ್ಪಡುವ, ಮುರಿದ ಗೆರೆ ಕಡ್ಡಿಯಲ್ಲಿ 16ಕ್ಕೊಂದು ಸಲ ಬೀಳುತ್ತದೆ, ನಾಣ್ಯದಲ್ಲಿ 8ಕ್ಕೊಂದು ಸಲ. ಅವಸರದವರ ಅನುಕೂಲಕ್ಕಾಗಿ ವಿಧಿ ದುಪ್ಪಟ್ಟಾಯಿತು, ಒಬ್ಬರೂ ದೂರು ಕೊಡಲಿಲ್ಲ.

ಕೊಡುವವರಾದರೂ ಯಾರು? ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಕಾರ್ಲ್ ಯೂಂಗ್ 1949ರಲ್ಲಿ ಇದರ ಇಂಗ್ಲಿಷ್ ಅನುವಾದಕ್ಕೆ ಮುನ್ನುಡಿ ಬರೆಯುವಾಗ, ನಿನ್ನನ್ನು ಹೀಗೆ ಪರಿಚಯಿಸುತ್ತಿದ್ದೇನೆ, ಏನಂತೀಯ ಎಂದು ಪುಸ್ತಕವನ್ನೇ ಕೇಳಿ ನಾಣ್ಯ ಎಸೆದರು. ಬಂದದ್ದು 50ನೆಯ ಆಕೃತಿ, ಕಡಾಯಿ. ನಾನು ಊಟ ತುಂಬಿದ ಪಾತ್ರೆ, ಆದರೆ ಜನ ನನ್ನ ಬೆಲೆ ಅರಿತಿಲ್ಲ ಎಂದು ಪುಸ್ತಕ ಕೊರಗುತ್ತಿದೆ ಅಂತ ಅವರು ಅರ್ಥಮಾಡಿಕೊಂಡರು. ನಮ್ಮಲ್ಲಿ ಯಾವ ಲೇಖಕನನ್ನು ಕೇಳಿದರೂ ಇದೇ ಉತ್ತರ ಬರುತ್ತದೆ, ನಾಣ್ಯದ ಖರ್ಚೂ ಇಲ್ಲ.

ಇರಲಿ. ಗೆಳೆಯ ದಿವಾನದ ಮೇಲೆ ಆರು ಸಲ ನಾಣ್ಯ ಚೆಲ್ಲಿದ. ಬಂದದ್ದು ನಾಲ್ಕನೆಯ ಆಕೃತಿ 'ಮೆಂಗ್', ಎಂದರೆ ಎಳಸುತನ. ಅದು ಹೇಳುವುದಿಷ್ಟು: ಎಳಸನನ್ನು ನಾನು ಹುಡುಕಿಕೊಂಡು ಹೋಗುವುದಿಲ್ಲ, ಅವನೇ ನನ್ನ ಹತ್ತಿರ ಬರುತ್ತಾನೆ. ಮೊದಲ ಸಲ ಕೇಳಿದರೆ ಹೇಳುತ್ತೇನೆ. ಎರಡು ಸಲ, ಮೂರು ಸಲ ಕೇಳಿದರೆ ಅದು ಪೀಡೆ, ಪೀಡಿಸುವವನಿಗೆ ಹೇಳುವುದಿಲ್ಲ.

"ಇದು ನಂಗಲ್ಲ ಬಿಡು" ಎಂದು ಮತ್ತೆ ಚೆಲ್ಲಿದ. ಬಲಗಡೆ ಹೂ ಬೀಳುವವರೆಗೂ ಗರ್ಭಗುಡಿಯ ಮುಂದಿಂದ ಕದಲದ ವಂಶದವರು ನಾವು. ನಾನು ತುಟಿ ಬಿಚ್ಚಲಿಲ್ಲ.

ಈ ಸಲ ಐದನೆಯದು, 'ಶ್ಯೂ'. ಹೆಸರಿನ ಅರ್ಥ ಕಾಯುವಿಕೆ. ಕೆಳಗಿನ ಮಾತು ಓದಿದರೆ, ಮಹಾನದಿ ದಾಟುವುದು ಒಳಿತು ಅಂತಿದೆ.

"ಕಾಯಬೇಕೋ, ದಾಟಬೇಕೋ?" ಅಂದೆ.

"ಎರಡೂ. ಬೋನಸ್ ಬರೋವರೆಗೆ ಕಾಯೋದು, ಬಂದ್ಮೇಲೆ ದಾಟೋದು. ಎಂಥಾ ಜ್ಞಾನ ನೋಡು!"

ಈ ಮಾತನ್ನು ಅವನ ಹೆಂಡತಿ ಯುಗಾದಿಯಿಂದ ಹೇಳುತ್ತಿದ್ದಾಳೆ. ಪಾಪ, ಅವಳಿಗಿನ್ನೂ ಮೂರು ಸಾವಿರ ವರ್ಷ ತುಂಬಿಲ್ಲ.

ಹೋಗುವಾಗ ನನ್ನ ಮೂರು ಐದರ ನಾಣ್ಯಗಳನ್ನು ಜೇಬಿಗೆ ಹಾಕಿಕೊಂಡೇ ಹೋದ. ವಾಪಸ್ ಕೇಳಲೋ ಬೇಡವೋ ತಿಳಿಯುತ್ತಿಲ್ಲ. ಶಕುನ ನೋಡೋಣವೆಂದರೆ ಮನೆಯಲ್ಲಿ ಬೇರೆ ಚಿಲ್ಲರೆ ಇಲ್ಲ.