ಗುಡಾರದಲ್ಲಿ ದೇವರು, ಫಲಕದಲ್ಲಿ ಸಮಿತಿ

ಬೀದರ್‌ನಲ್ಲಿ ಹಳೆಯ ಕಟ್ಟಡವೊಂದು ತಾನಾಗಿ ಬೀಳಬೇಕಾದರೆ ಶತಮಾನಗಳು ಹಿಡಿಯುತ್ತವೆ. ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ಮದರಸಾದ ಒಂದು ಪಾರ್ಶ್ವವನ್ನು ಕೆಡವಲು ಸಿಡಿಮದ್ದಿನ ಸ್ಫೋಟವೇ ಬೇಕಾಯಿತು, ಉಳಿದದ್ದು ಇವತ್ತಿಗೂ ನಿಂತಿದೆ. ನಮ್ಮ ಚರ್ಚಿಗೆ ಅಷ್ಟೆಲ್ಲ ಖರ್ಚು ಬೀಳಲಿಲ್ಲ, ಒಂದು ಜೀರ್ಣೋದ್ಧಾರ ಸಮಿತಿಯಲ್ಲೇ ಕೆಲಸ ಮುಗಿಯಿತು.

ಚರ್ಚಿನ ರೋಗ ಅಂಥ ದೊಡ್ಡದೇನೂ ಆಗಿರಲಿಲ್ಲ. ಅದು ಜಂಬಿಟ್ಟಿಗೆ ಕಲ್ಲಿನ, ಸುಣ್ಣದ ಗಚ್ಚಿನ ಗೋಡೆ. ಇಂಥ ಗೋಡೆಯು ಮಳೆಗಾಲದಲ್ಲಿ ಕುಡಿದ ನೀರನ್ನು ಬೇಸಿಗೆಯಲ್ಲಿ ಬಿಟ್ಟುಕೊಡುತ್ತದೆ. ಅದರ ಮೈಗೆ ಸಿಮೆಂಟ್ ಬಳಿದರೆ ತೇವವು ಹೊರಹೋಗಲು ದಾರಿ ಸಿಗದೆ, ಗಿಲಾವು ಹಕ್ಕಳೆಯಾಗಿ ಉದುರುತ್ತದೆ. ಹಿಂದಿನ ಜೀರ್ಣೋದ್ಧಾರದವರು ಭಕ್ತಿಯಿಂದ ಬಳಿದದ್ದು ಸಿಮೆಂಟನ್ನೇ. ನೋಡಲು ಬಂದ ಮುದಿ ಗೌಂಡಿಯು ಉಗುರಿನಿಂದ ಒಂದು ಹಕ್ಕಳೆಯನ್ನು ಕಿತ್ತು, ಒಳಗಿನ ಒದ್ದೆ ಕಲ್ಲನ್ನು ಮುಟ್ಟಿ, "ಈ ಸಿಮಿಟ್ ಕೆತ್ತಿ ಸುಣ್ಣ ಬಡೀರಿ, ಗ್ವಾಡಿ ಇನ್ನ ನೂರ್ ವರ್ಷ ನಿಂದರ್ತದ" ಎಂದನು. ಇಷ್ಟು ಅಗ್ಗದ ಸಲಹೆಯನ್ನು ಕಾರ್ಯಗತಗೊಳಿಸಲು ಅಧ್ಯಕ್ಷರು, ಇಬ್ಬರು ಉಪಾಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಮತ್ತು ಹದಿನಾರು ಸದಸ್ಯರು ಯಾಕೆ ಬೇಕು ಎಂಬ ಪ್ರಶ್ನೆ ಏಳುವುದರೊಳಗೆ ಸಮಿತಿಯು ಆ ಸಲಹೆಯನ್ನು ತಿರಸ್ಕರಿಸಿ, ಅನುದಾನಕ್ಕೆ ಅರ್ಜಿ ಹಾಕಿತು.

ಶಿಥಿಲಗೊಂಡ ಕಟ್ಟಡದ ಫೋಟೊ ಬೇಕೆಂದು ಕಚೇರಿಯವರು ಕೇಳಿದರು. ಪರಿಶೀಲನೆಗೆ ದೊಡ್ಡವರು ಬರುತ್ತಾರೆಂಬ ಸಂಭ್ರಮದಲ್ಲಿ ನಾವು ಹಿಂದಿನ ದಿನವೇ ಗೋಡೆಗೆಲ್ಲ ಬಣ್ಣ ಹೊಡೆಸಿಬಿಟ್ಟಿದ್ದೆವು. 'ಕಟ್ಟಡವು ಸುಸ್ಥಿತಿಯಲ್ಲಿದೆ' ಎಂಬ ಷರಾದೊಂದಿಗೆ ಕಡತ ಮರಳಿತು. ಅವಮಾನಗೊಂಡ ಸಮಿತಿಯು ಶಿಥಿಲತೆಯನ್ನು ಸಾಬೀತುಪಡಿಸುವುದಕ್ಕಾಗಿ ಮುಂಭಾಗದ ಗೋಡೆಯನ್ನೂ ಮಾಳಿಗೆಯ ಅರ್ಧವನ್ನೂ ಕೆಡವಿಸಿ, ನಾಲ್ಕೂ ದಿಕ್ಕಿನಿಂದ ಫೋಟೊ ತೆಗೆಸಿ, ಮತ್ತೆ ಕಳುಹಿಸಿತು. ಈ ಸಲ ಷರಾ ಬದಲಾಗಿತ್ತು: ಅರ್ಜಿ ಇರುವುದು ದುರಸ್ತಿಗೆ, ಆದರೆ ಸ್ಥಳದಲ್ಲಿ ದುರಸ್ತಿ ಮಾಡಬಹುದಾದ ಕಟ್ಟಡವಿಲ್ಲ, ಹೊಸ ನಿರ್ಮಾಣದ ಲೆಕ್ಕಶೀರ್ಷಿಕೆ ಬೇರೆ. ಕಚೇರಿಯವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ ಎಂಬುದೇ ನಮ್ಮ ಸಂಕಟ.

ಆರಾಧನೆ ಮಾತ್ರ ಒಂದು ಭಾನುವಾರವೂ ನಿಂತಿಲ್ಲ. ಅಂಗಳದ ಬೇವಿನ ಮರದ ಪಕ್ಕದಲ್ಲಿ ಶಾಮಿಯಾನ ಎದ್ದಿತು. ಮದುವೆಗೂ ಉರುಸಿಗೂ ಚುನಾವಣಾ ಸಭೆಗೂ ಹೋಗಿಬರುವ ಶಾಮಿಯಾನವಾದುದರಿಂದ ಅದು ಒಮ್ಮೆ ಯಾವುದೋ ಪಕ್ಷದ ತೋರಣದೊಂದಿಗೇ ಬಂದು, ಕರ್ತನ ಭೋಜನದ ಮೇಜಿನ ಮೇಲುಗಡೆ ಅಭ್ಯರ್ಥಿಯೊಬ್ಬರು ಕೈಮುಗಿದು ನಗುತ್ತಿದ್ದರು. ಡಿಸೆಂಬರಿನ ಚಳಿಯಲ್ಲಿ ಕ್ರಿಸ್ಮಸ್ ರಾತ್ರಿಯ ಆರಾಧನೆಗೆ ಅಜ್ಜಿಯರು ಕೌದಿ ಹೊದ್ದು ಬಂದರು. ಕೌದಿಯೊಳಗಿಂದ ಹೊರಟ ಹಾಡು ಎರಡು ಓಣಿ ದಾಟಿ ಕೇಳಿಸಿತಂತೆ. ಗಣಿಯಿಂದ ಎತ್ತುವಾಗ ಮೆತ್ತಗಿದ್ದು ಗಾಳಿಗೆ ಬಂದ ಮೇಲೆ ಗಟ್ಟಿಯಾಗುವುದು ನಮ್ಮ ಜಂಬಿಟ್ಟಿಗೆಯ ಗುಣ. ಅದು ಸಭೆಯವರಿಗೂ ಅಂಟಿದೆಯೆಂದು ನನಗನ್ನಿಸುತ್ತದೆ. ಇಸ್ರಾಯೇಲರು ನಲವತ್ತು ವರ್ಷ ಅರಣ್ಯದಲ್ಲಿ ದೇವದರ್ಶನದ ಗುಡಾರವನ್ನು ಹೊತ್ತು ನಡೆದ ಕಥೆಯನ್ನು ಹೇಳಿ ಸಭಾಪಾಲಕರು ಎಲ್ಲರಿಗೂ ಸಮಾಧಾನ ಹೇಳಿದರು. ಸಮಿತಿಯವರು ಅದನ್ನು ಕಾಮಗಾರಿಯ ಕಾಲಮಿತಿ ಎಂದು ತಿಳಿದುಕೊಂಡಂತಿದೆ.

ಇಷ್ಟರ ನಡುವೆ ಸಂಪೂರ್ಣವಾಗಿ ಸಿದ್ಧವಾದುದು ಒಂದೇ, ಉದ್ಘಾಟನಾ ಫಲಕ. ಮರಳು ಬರುವ ಮೊದಲೇ ಅದು ಬಂತು. ಇಪ್ಪತ್ತೊಂದು ಹೆಸರುಗಳ ಅನುಕ್ರಮವನ್ನು ನಿರ್ಧರಿಸಲು ನಡೆದ ಸಭೆಗಳ ಸಂಖ್ಯೆ ತಳಪಾಯದ ವಿಷಯಕ್ಕೆ ನಡೆದ ಸಭೆಗಳಿಗಿಂತ ಹೆಚ್ಚು. ಕೂರಿಸಬೇಕಾದ ಗೋಡೆಯನ್ನೇ ಕೆಡವಿದ್ದರಿಂದ ಅದನ್ನು ಬೇವಿನ ಬುಡಕ್ಕೆ ಒರಗಿಸಿ, ಕೆಂಪು ಪರದೆ ಹೊದಿಸಿದರು. ಪಕ್ಕದಲ್ಲೇ ಸಂಡೇ ಸ್ಕೂಲು ನಡೆಯುತ್ತದೆ, ಗಾಳಿ ಬೀಸಿದಾಗಲೆಲ್ಲ ಪರದೆ ಹಾರುತ್ತದೆ. ಮೊನ್ನೆ ಹನ್ನೆರಡು ಮಂದಿ ಶಿಷ್ಯರ ಹೆಸರು ಹೇಳೆಂದಾಗ ಒಬ್ಬ ಹುಡುಗ ಅಧ್ಯಕ್ಷರಿಂದ ಶುರುಮಾಡಿ ಖಜಾಂಚಿಯವರೆಗೆ ತಡವರಿಸದೆ ಒಪ್ಪಿಸಿದನು. ಎಲ್ಲರೂ ನಕ್ಕರು. ಆ ಹನ್ನೆರಡು ಮಂದಿಯಲ್ಲಿ ಹಣದ ಚೀಲ ಯೇಸುವನ್ನು ಹಿಡಿದುಕೊಟ್ಟ ಯೂದನ ಕೈಯಲ್ಲಿತ್ತೆಂಬುದನ್ನು ಯೋಹಾನನ ಸುವಾರ್ತೆಯಲ್ಲಿ ಓದಿದ್ದ ಖಜಾಂಚಿಯವರು ಮಾತ್ರ ನಗಲಿಲ್ಲ.

ಉದ್ಘಾಟಕರ ದಿನಾಂಕ ಸಿಗುವ ಮೊದಲೇ ಹೆಸರುಗಳು ಹೀಗೆ ಬಯಲಾಗುವುದು ಸರಿಯಲ್ಲವೆಂದು ತುರ್ತು ಸಭೆ ಸೇರಿ, ಫಲಕವನ್ನು ಮರದ ಕಡೆಗೆ ಮುಖ ಮಾಡಿ ನಿಲ್ಲಿಸಬೇಕೆಂದು ಠರಾವು ಮಾಡಲಾಯಿತು. ನಾಲ್ವರು ಹುಡುಗರು ಏದುಸಿರು ಬಿಡುತ್ತ ಕಲ್ಲನ್ನು ತಿರುಗಿಸಿದರು. ಖರ್ಚು ಉಳಿಸಲು ಹಳೆಯ ಕಲ್ಲನ್ನೇ ಬಳಸಲಾಗಿದೆಯೆಂಬುದು ಆಗ ತಿಳಿಯಿತು. ಹಿಂಬದಿಯಲ್ಲಿ ಹಿಂದಿನ ಜೀರ್ಣೋದ್ಧಾರ ಸಮಿತಿಯ ಹೆಸರುಗಳು, ಸಿಮೆಂಟಿನ ಗುತ್ತಿಗೆದಾರನ ಹೆಸರಿನ ಸಮೇತ, ಸ್ಪಷ್ಟವಾಗಿದ್ದವು. ಮಕ್ಕಳು ಈಗ ಅದನ್ನು ಬಾಯಿಪಾಠ ಮಾಡುತ್ತಿದ್ದಾರೆ.