ಪ್ಯಾರಿಸ್ಸಿನಲ್ಲಿ ಏನನ್ನು ಬಿಡಬೇಕು?

ಪ್ಯಾರಿಸ್ಸಿಗೆ ಹೊರಟವರಿಗೆ ಸಲಹೆಗಾರರ ಕೊರತೆ ಇರುವುದಿಲ್ಲ. ಹೋಗಿ ಬಂದವರು, ಹೋಗದವರು, ಹೋಗುವ ಯೋಚನೆಯನ್ನೇ ಮಾಡದವರು ಎಲ್ಲರೂ ನೋಡಲೇಬೇಕಾದ ಜಾಗಗಳನ್ನು ಹೇಳಿಕೊಡುತ್ತಾರೆ. ಯಾವುದನ್ನು ನೋಡದಿದ್ದರೂ ನಡೆಯುತ್ತದೆ ಎಂದು ಹೇಳುವ ಪುಣ್ಯಾತ್ಮರು ಮಾತ್ರ ಸಿಗುವುದಿಲ್ಲ. ಹೀಗಾಗಿ ಪಟ್ಟಿ ಬೆಳೆಯುತ್ತದೆ, ದಿನಗಳು ಬೆಳೆಯುವುದಿಲ್ಲ. ಆ ಪಟ್ಟಿಯನ್ನು ಸ್ವಲ್ಪ ಕೆದಕಿದರೆ, ಅದರಲ್ಲಿರುವ ಅರ್ಧದಷ್ಟು ಹೆಸರುಗಳನ್ನು ಬರೆಸಿದ್ದು ನಮ್ಮ ಕುತೂಹಲವಲ್ಲ, ಹಿಂದಿರುಗಿದ ಮೇಲೆ ಎದುರಾಗಲಿರುವ ‘ಅಯ್ಯೋ, ಅದನ್ನು ನೋಡಲಿಲ್ಲವೇ?’ ಎಂಬ ಪ್ರಶ್ನೆಯ ಅಂಜಿಕೆ ಎಂಬುದು ತಿಳಿಯುತ್ತದೆ.

ಈ ಅಂಜಿಕೆಯಿಂದ ಅತಿ ಹೆಚ್ಚು ಲಾಭ ಪಡೆದವಳು ಮೋನಾಲಿಸಾ. ಲೂವ್ರ್ ಸಂಗ್ರಹಾಲಯದಲ್ಲಿ ಪ್ರದರ್ಶನಕ್ಕಿಟ್ಟಿರುವ ಕೃತಿಗಳು ಸುಮಾರು 35,000. ಒಂದೊಂದರ ಮುಂದೆ ಹತ್ತೇ ಸೆಕೆಂಡು ನಿಂತರೂ ನಾಲ್ಕು ಹಗಲು ನಾಲ್ಕು ರಾತ್ರಿ ಬೇಕಾಗುವ ಆ ಸಾಗರದಲ್ಲಿ, ಬಂದವರೆಲ್ಲ ನೆಟ್ಟಗೆ ನಡೆಯುವುದು 77 ಸೆಂಟಿಮೀಟರ್ ಎತ್ತರ, 53 ಸೆಂಟಿಮೀಟರ್ ಅಗಲದ ಆ ಒಂದು ಚಿತ್ರದ ಕಡೆಗೆ. 1911ರಲ್ಲಿ ಆ ಚಿತ್ರ ಕಳುವಾದಾಗ, ಅದು ತೂಗುತ್ತಿದ್ದ ಖಾಲಿ ಗೋಡೆಯನ್ನು ನೋಡಲು ಜನ ಮುಗಿಬಿದ್ದರಂತೆ. ಅಂದರೆ ನೋಡುವುದಕ್ಕೆ ಏನೂ ಇರದಿದ್ದರೂ ನೋಡಿ ಬಂದೆವು ಎನ್ನಿಸಿಕೊಳ್ಳುವ ಹಂಬಲ ಇಂದಿನ ಮೊಬೈಲು ಕಾಲದ್ದಲ್ಲ. ಇದಕ್ಕಿಂತ ಸ್ವಾರಸ್ಯದ ಸಂಗತಿ ಮೋನಾಲಿಸಾ ಇರುವ ಕೋಣೆಯ ಎದುರು ಗೋಡೆಯಲ್ಲಿದೆ. ಅಲ್ಲಿ ಇಟಲಿಯ ಚಿತ್ರಕಾರ ವೆರೊನೀಸ್ 1563ರಲ್ಲಿ ಮುಗಿಸಿದ, ಬೈಬಲಿನ ಕಥೆಯೊಂದರ ಚಿತ್ರ ‘ಕಾನಾದ ಮದುವೆ’ ತೂಗುತ್ತಿದೆ. ಹೆಚ್ಚುಕಡಿಮೆ ಹತ್ತು ಮೀಟರ್ ಅಗಲದ, ಲೂವ್ರಿನಲ್ಲೇ ಅತಿ ದೊಡ್ಡದಾದ ಆ ಚಿತ್ರದಲ್ಲಿ ವಾದ್ಯಗಾರರು, ಬಡಿಸುವವರು, ನಾಯಿಗಳು, ಬಟ್ಟಲೆತ್ತಿ ದ್ರಾಕ್ಷಾರಸದ ಬಣ್ಣ ಪರೀಕ್ಷಿಸುವವರು ಎಲ್ಲರೂ ಇದ್ದಾರೆ. ನೋಡುಗರು ಮಾತ್ರ ಅದಕ್ಕೆ ಬೆನ್ನು ತಿರುಗಿಸಿಕೊಂಡು, ಮುಂದಿನವರ ತಲೆಗಳ ಮೇಲೆ ಕೈಯೆತ್ತಿ ಮೋನಾಲಿಸಾಳ ಫೋಟೊ ತೆಗೆಯುತ್ತಿರುತ್ತಾರೆ. ಮೋನಾಲಿಸಾಳನ್ನು ನೋಡಬಾರದೆಂದು ನಾನು ಹೇಳುತ್ತಿಲ್ಲ. ಆ ಕೋಣೆಗೆ ಹೋದವರು ಒಮ್ಮೆ ಹಿಂದಿರುಗಿ ನೋಡಿದರೆ, ಯಾರ ಜೊತೆಯೂ ನೂಕಾಡದೆ ಒಂದು ಇಡೀ ಮದುವೆಗೆ ಹೋಗಿ ಬಂದಂತಾಗುತ್ತದೆ.

ಐಫೆಲ್ ಗೋಪುರಕ್ಕಂತೂ ಪಟ್ಟಿಯಲ್ಲಿ ಜಾಗ ಕೊಡುವ ಅಗತ್ಯವೇ ಇಲ್ಲ. 330 ಮೀಟರ್ ಎತ್ತರದ ಅದು, ನಾವು ಹುಡುಕಿಕೊಂಡು ಹೋಗದಿದ್ದರೂ ಸೇತುವೆಯ ಮೇಲೆ, ಬೀದಿಯ ತುದಿಯಲ್ಲಿ, ಮಾಳಿಗೆಗಳ ಸಂದಿನಲ್ಲಿ ತಾನಾಗಿಯೇ ಬಂದು ಮುಖ ತೋರಿಸುತ್ತದೆ. ಎತ್ತರದಿಂದಲೇ ಊರನ್ನು ನೋಡಬೇಕೆನ್ನುವವರು ವಿಜಯ ಕಮಾನಿನ (ಆರ್ಕ್ ದ ತ್ರಿಯೋಂಫ್) 284 ಮೆಟ್ಟಿಲುಗಳನ್ನು ಹತ್ತಿದರೆ, ಹನ್ನೆರಡು ಅಗಲವಾದ ಬೀದಿಗಳು ಕಾಲಬುಡದಿಂದ ಹೊರಟು ಹೋಗುವ ನೋಟದ ಜೊತೆಗೆ ಆ ಗೋಪುರವೂ ಕಾಣುತ್ತದೆ.

ಆಯ್ಕೆಯ ಕಷ್ಟದಲ್ಲಿ ನಿಜವಾಗಿ ನೆರವಾಗುವುದು ವಾರದ ರಜೆ ಮತ್ತು ಆಕಾಶ. ಮಂಗಳವಾರ ಲೂವ್ರ್ ಬಾಗಿಲು ತೆರೆಯುವುದಿಲ್ಲ, ಸೋಮವಾರ ಆರ್ಸೆ ಸಂಗ್ರಹಾಲಯ ತೆರೆಯುವುದಿಲ್ಲ; ಎರಡರ ನಡುವೆ ತೊಳಲಾಡುವವರ ಪಾಲಿಗೆ ಇದಕ್ಕಿಂತ ನಿಷ್ಪಕ್ಷಪಾತವಾದ ತೀರ್ಪು ಸಿಗಲಾರದು. ನನ್ನ ಒಲವು ಆರ್ಸೆಯ ಕಡೆಗೆ. 1900ರಲ್ಲಿ ರೈಲು ನಿಲ್ದಾಣವಾಗಿ ಆರಂಭವಾಗಿ, ಮುಂದೆ ರೈಲುಗಳು ಉದ್ದವಾಗಿ ಪ್ಲಾಟ್‌ಫಾರಂ ಸಾಲದೆ ಮೂಲೆಗುಂಪಾಗಿ, 1986ರಲ್ಲಿ ಸಂಗ್ರಹಾಲಯವಾದ ಆ ಕಟ್ಟಡವನ್ನು ಅರ್ಧ ದಿನದಲ್ಲಿ ಸಮಾಧಾನವಾಗಿ ಸುತ್ತಬಹುದು. ಇನ್ನು ಬಿಸಿಲು ಚೆನ್ನಾಗಿರುವ ದಿನವನ್ನು ಸೀನ್ ನದಿಯ ನಡುಗಡ್ಡೆಯಲ್ಲಿರುವ ಸೇಂತ್ ಶಪೆಲ್‌ಗೆ ಮೀಸಲಿಡಬೇಕು. ಹದಿಮೂರನೆಯ ಶತಮಾನದಲ್ಲಿ ದೊರೆ ಒಂಬತ್ತನೆಯ ಲೂಯಿ ಕಟ್ಟಿಸಿದ ಈ ಪ್ರಾರ್ಥನಾ ಮಂದಿರದ ಮೇಲಂತಸ್ತಿನಲ್ಲಿ ಗೋಡೆ ಇರಬೇಕಾದಲ್ಲೆಲ್ಲ ಬಣ್ಣದ ಗಾಜಿದೆ: ಹದಿನೈದು ಕಿಟಕಿಗಳಲ್ಲಿ ಸಾವಿರಕ್ಕೂ ಮೇಲ್ಪಟ್ಟ ದೃಶ್ಯಗಳು. ಮೋಡ ಕವಿದಿದ್ದರೆ ಅವು ಅರ್ಧ ಮಾತ್ರ ಕಾಣುತ್ತವೆ. ಅಲ್ಲಿಂದ ನಾಲ್ಕು ಹೆಜ್ಜೆಯಲ್ಲೇ, 2019ರ ಬೆಂಕಿಯಿಂದ ಚೇತರಿಸಿಕೊಂಡು 2024ರ ಕೊನೆಗೆ ಮತ್ತೆ ತೆರೆದ ನೋತ್ರ್ ದಾಮ್ ಚರ್ಚು ಇರುವುದರಿಂದ ಅದನ್ನು ಬೇರೆಯಾಗಿ ಆಯ್ದುಕೊಳ್ಳಬೇಕಾದುದೇ ಇಲ್ಲ.

ಉಳಿದದ್ದು ವರ್ಸೇಲ್ಸ್ ಅರಮನೆ. ಪಟ್ಟಿಯಲ್ಲಿ ಅದು ಒಂದೇ ಒಂದು ಸಾಲು, ಆದರೆ ಪ್ರವಾಸದಲ್ಲಿ ಒಂದು ಇಡೀ ದಿನ. ಹದಿನಾಲ್ಕನೆಯ ಲೂಯಿ 1682ರಲ್ಲಿ ತನ್ನ ಆಸ್ಥಾನವನ್ನೆಲ್ಲ ಕಟ್ಟಿಕೊಂಡು ರಾಜಧಾನಿಯಿಂದ ದೂರ ಹೋಗಿ ನೆಲೆಸಿದ್ದು ಅಲ್ಲಿ. ಪ್ಯಾರಿಸ್ಸಿನ ಗೊಡವೆಯೇ ಬೇಡವೆಂದು ಹೊರಟ ದೊರೆಯ ಮನೆಯನ್ನು, ಪ್ಯಾರಿಸ್ಸನ್ನು ನೋಡಲೆಂದೇ ಬಂದವರು ಹುಡುಕಿಕೊಂಡು ಹೋಗುವುದು ತಮಾಷೆಯಾಗಿದೆ. ಎರಡು ಮೂರು ದಿನಕ್ಕೆ ಬಂದವರು ಅದನ್ನು ಬಿಟ್ಟರೆ ನಷ್ಟವೇನಿಲ್ಲ ಎಂದೇ ನನ್ನ ಎಣಿಕೆ. ವಾರವಿಡೀ ಇರುವವರು ಧಾರಾಳವಾಗಿ ಹೋಗಲಿ. ಸೋಮವಾರ ಮಾತ್ರ ಹೋಗದಿರಲಿ, ಅಂದು ಆ ಅರಮನೆಗೂ ರಜೆ.