ಕುಡಿಯದೇ ನೀರು ಅನ್ನಬೇಡಿ

ನಿನ್ನೆ ರಾತ್ರಿಯಿಂದ ಸಿಟ್ಟು ಇಳಿದಿಲ್ಲ. ಬರೆದೇ ಬಿಡುತ್ತೇನೆ.

ಇಲ್ಲಿ ಫ್ರಾನ್ಸಿನ ನಾಂತ್‌ನಲ್ಲಿ ಸ್ನೇಹಿತರ ಮನೆಗೆ ಊಟಕ್ಕೆ ಹೋಗಿದ್ದೆ. ಕೈಯಲ್ಲಿ ಒಂದು ಬಾಟಲಿ ಮುಸ್ಕಾದೆ, ಈ ಸೀಮೆಯ ಬಿಳಿ ವೈನ್. ಅದೂ ಕ್ಲಿಸೋಂ ಊರಿನದು. ಪ್ಯಾರಿಸ್‌ನಿಂದ ಬಂದಿದ್ದ ಅತಿಥಿಯೊಬ್ಬರು ಲೇಬಲ್ ನೋಡಿ, "ಓ, ಇದಾ? ನೀರಿನ ಹಾಗಿರುತ್ತೆ, ಅಡುಗೆಗೆ ಆಗುತ್ತೆ" ಅಂದರು. ಒಲೆ ಮೇಲೆ ಮಸೆಲ್ ಅನ್ನೋ ಚಿಪ್ಪುಮೀನು, ಅಂದರೆ ನಮ್ಮ ಕರಾವಳಿಯ ನೀಲಿಕಲ್ಲು ಬೇಯುತ್ತಿತ್ತು. ಅರ್ಧ ಬಾಟಲಿ ಅದಕ್ಕೆ ಸುರಿದೇ ಬಿಟ್ಟರು.

ನೀಲಿಕಲ್ಲಿಗೆ ಮುಸ್ಕಾದೆ ಹಾಕುವುದು ಇಲ್ಲಿನ ರೂಢಿಯೇ. ಬೇಸರ ಅದಕ್ಕಲ್ಲ. ಒಂದು ಗುಟುಕು ಕುಡಿದೂ ನೋಡಲಿಲ್ಲವಲ್ಲ, ಅದಕ್ಕೆ. ಕ್ಲಿಸೋಂನ ನೆಲ ಗ್ರಾನೈಟ್ ಕಲ್ಲಿನದು. ಆ ಹೆಸರು ಹಾಕಬೇಕಾದರೆ ವೈನು ಎರಡು ವರ್ಷ ತೊಟ್ಟಿಯಲ್ಲೇ, ತಳಕ್ಕೆ ಕೂತ ಯೀಸ್ಟ್ ಮೇಲೆ ಇರಬೇಕು. ಒಬ್ಬ ರೈತ ಎರಡು ವರ್ಷ ಕಾದಿದ್ದನ್ನು ಎರಡು ಸೆಕೆಂಡಿನಲ್ಲಿ ಸುರಿದರು.

ಈ ವೈನಿಗೆ ಯಾವಾಗಲೂ ಇದೇ ಗತಿ. ಹೆಸರು ಕೇಳಿ ಬೆಂಗಳೂರಿನ ಗೆಳೆಯರು ಮಸ್ಕಟ್ ದ್ರಾಕ್ಷಿಯ ಸಿಹಿ ವೈನ್ ಅಂದುಕೊಳ್ಳುತ್ತಾರೆ. ಅಲ್ಲ ಮಾರಾಯ್ರೇ. ಈ ದ್ರಾಕ್ಷಿಯ ಹೆಸರು ಮೆಲೋಂ, ಬರ್ಗಂಡಿಯಿಂದ ಬಂದದ್ದು. 1709ರ ಚಳಿಗಾಲದಲ್ಲಿ ಈ ಸೀಮೆಯ ಬಳ್ಳಿಗಳೆಲ್ಲ ಹಿಮಕ್ಕೆ ಸತ್ತಾಗ ಚಳಿ ತಡೆದುಕೊಂಡದ್ದು ಇದು. ಆಮೇಲೆ ಜನ ಇದನ್ನೇ ನೆಟ್ಟರು. ಮುಸ್ಕಾದೆ ಬೆಳೆಯುವ ಮುಖ್ಯ ಸೀಮೆಗೆ ಸೆವ್ರ್ ಮತ್ತು ಮೆನ್ ಅನ್ನೋ ಎರಡು ನದಿಗಳ ಹೆಸರೇ ಇದೆ.

ರುಚಿ? ನಿಂಬೆ, ಹಸಿರು ಸೇಬು, ಕೊನೆಗೆ ಸಮುದ್ರದ ಗಾಳಿ ತುಟಿಗೆ ತಾಗಿದ ಹಾಗೆ ಸ್ವಲ್ಪ ಉಪ್ಪು. ಬಾಟಲಿ ಮೇಲೆ 'ಸ್ಯೂರ್ ಲೀ' ಅಂತ ಇದ್ದರೆ ಒಂದು ಚಳಿಗಾಲ ಪೂರ್ತಿ ಯೀಸ್ಟ್ ಮೇಲೇ ಬಿಟ್ಟು, ಸೀದಾ ತುಂಬಿಸಿದ್ದು ಅಂತ. ಎಳೆಯ ಬಾಟಲಿಯಲ್ಲಿ ನಾಲಿಗೆ ಮೇಲೆ ಚುರುಚುರು ಅನ್ನುವುದು ಅದರಿಂದಲೇ. ಫ್ರಿಜ್ಜಿನಿಂದ ತೆಗೆದ ಕೂಡಲೇ ಕುಡಿದರೆ ಇದ್ಯಾವುದೂ ಗೊತ್ತಾಗುವುದಿಲ್ಲ. ಸ್ವಲ್ಪ ಹೊತ್ತು ಹೊರಗಿಡಿ.

ನಾನು ಅಘನಾಶಿನಿ ಅಳಿವೆಯ ಕಡೆಯವನು ಅಂತ ನಿಮಗೆಲ್ಲ ಗೊತ್ತು. ಇಳಿತದ ಹೊತ್ತಿಗೆ ಹೆಂಗಸರು ಬಳಚು ಅನ್ನೋ ಚಿಪ್ಪುಮೀನು ಹೆಕ್ಕುವುದನ್ನು ನೋಡುತ್ತಾ ಬೆಳೆದವನು. ಇಲ್ಲಿ ಮೊದಲ ಸಲ ಹಸಿ ಸಿಂಪಿ, ನಮ್ಮ ಕಲ್ಗ, ಚಿಪ್ಪಿನಿಂದಲೇ ಹೀರಿ, ಮೇಲೆ ಒಂದು ಗುಟುಕು ಮುಸ್ಕಾದೆ ಕುಡಿದಾಗ ಕಣ್ಣು ತುಂಬಿತು. ನಾನು ವೈನ್ ಕುಡಿಯುತ್ತೇನೆ ಅಂತ ಅಮ್ಮನಿಗೆ ಇವತ್ತಿನವರೆಗೂ ಹೇಳಿಲ್ಲ. ಆದರೆ ಅವತ್ತು ರಾತ್ರಿ ಫೋನ್ ಮಾಡಿ ಸುಮ್ನೆ ಬಳಚಿನ ಸುಕ್ಕದ ಬಗ್ಗೆ ಅರ್ಧ ಗಂಟೆ ಮಾತಾಡಿದೆ.

ಒಂದು ಕಾಲದಲ್ಲಿ ತೆಳ್ಳಗಿನ, ಬರೀ ಹುಳಿ ಮುಸ್ಕಾದೆ ರಾಶಿ ರಾಶಿ ಮಾರಾಟವಾಯಿತು ಅನ್ನುತ್ತಾರೆ. ನಿಜ. ಅಂಥದ್ದು ಈಗಲೂ ಸಿಗುತ್ತೆ. ಆದರೆ ಕೆಟ್ಟ ಕಾಫಿ ಕುಡಿದವರು ಕಾಫಿಯೇ ಕೆಟ್ಟದ್ದು ಅನ್ನುತ್ತಾರಾ? ಘಮ ಜಾಸ್ತಿ ಇಲ್ಲ, ಬೆಲೆ ಕಡಿಮೆ, ಅದಕ್ಕೇ ಕೀಳು ಅನ್ನುವುದು ಯಾವ ಲೆಕ್ಕ? ಗಂಟಲೆತ್ತಿ ಕೂಗದಿರುವುದೇ ಇದರ ಗುಣ. ಸಿಂಪಿ ತಿಂದರೆ ಸಿಂಪಿಯ ರುಚಿ ಹಾಗೇ ಉಳಿಯುತ್ತದೆ. ಸಾರ್ಡಿನ್ ಅಂದರೆ ನಮ್ಮ ಬೂತಾಯಿಯಂಥ ಮೀನು. ಅದನ್ನು ಸುಟ್ಟು ತಿಂದರೆ ಎಣ್ಣೆ ಜಿಡ್ಡನ್ನು ಇದು ತೊಳೆದುಬಿಡುತ್ತದೆ. ಬೆಣ್ಣೆ, ವಿನಿಗರ್, ಸಣ್ಣ ಈರುಳ್ಳಿಯ ಬರ್ ಬ್ಲಾಂ ಸಾಸ್ ಈ ಸೀಮೆಯದೇ. ಆ ಸಾಸ್ ಹಾಕಿದ ನದಿ ಮೀನಿಗೆ ಇದಕ್ಕಿಂತ ಒಳ್ಳೆಯ ಜೊತೆ ನನಗೆ ಸಿಕ್ಕಿಲ್ಲ.

ಊಟ ಮುಗಿಯುವ ಹೊತ್ತಿಗೆ ಆ ಅತಿಥಿ ಬ್ರೆಡ್ ಅದ್ದಿ ಅದ್ದಿ ಪಾತ್ರೆಯ ತಳದ ರಸ ತಿನ್ನುತ್ತಿದ್ದರು. ಎಷ್ಟು ಚೆನ್ನಾಗಿದೆ ಅಂತ ಮನೆಯವರನ್ನು ಎರಡು ಸಲ ಹೊಗಳಿದರು. ಗ್ಲಾಸ್ ಮಾತ್ರ ಮುಟ್ಟಲಿಲ್ಲ. ಮುಂದಿನ ಸಲ ಎರಡು ಬಾಟಲಿ ಒಯ್ಯುತ್ತೇನೆ. ಒಂದನ್ನು ನಾನೇ ಅವರ ಗ್ಲಾಸಿಗೆ ಬಗ್ಗಿಸುತ್ತೇನೆ.